ಮೆಟ್ಟಿಲ ಮೇಲಿನ ಶೂ

ಕೆಳಗಿನ ಮನೆಯ ಅಮ್ಮನವರಿಗೆ, ಮಹಡಿ ಮನೆಯ ಟೈಲರ್ ಮಾಡುವ ನಮಸ್ಕಾರಗಳು.

ಇವತ್ತಿನಿಂದ ನನ್ನ ಓಟದ ಶೂಗಳನ್ನು ಮೆಟ್ಟಿಲ ಮೇಲೆ ಬಿಡಲು ತಾವು ಒಪ್ಪಬೇಕು. "ಮೆಟ್ಟಿಲೇನು ಚಪ್ಪಲಿ ಅಂಗಡೀನಾ?" ಅಂತ ನನ್ನ ಹೆಂಡತಿಯನ್ನು ನೀವು ಬೈಯುತ್ತಿದ್ದದ್ದು ಮರೆತಿಲ್ಲ. ಅವಳು ನಗುತ್ತಾ ಶೂ ಹಾಕಿಕೊಂಡು ಓಡಿಬಿಡುತ್ತಿದ್ದಳು. ನಾನು ನೀರಿನ ಬಾಟಲಿ ಇಟ್ಟುಕೊಂಡು ಸೈಕಲ್ಲಿನಲ್ಲಿ ಹಿಂದೆ ಹೋಗುತ್ತಿದ್ದೆ. "ಒಂದಿನ ನೀವೂ ಓಡ್ರೀ, ಹೊಟ್ಟೆ ಮಿಷಿನ್‌ಗೆ ತಾಗ್ತಿದೆ" ಅನ್ನುತ್ತಿದ್ದಳು.

ಅವಳು ತೀರಿಕೊಂಡ ಮೇಲೆ ಶೂ ಕೊಂಡೆ. ಮ್ಯಾರಥಾನ್‌ಗೆ ಹೆಸರನ್ನೂ ಕೊಟ್ಟೆ. ಆದರೆ ದಿನಾ ಬೆಳಿಗ್ಗೆ ಮಂಚದ ಮೇಲೆ ಕೂತು ಶೂ ಹಾಕಿಕೊಳ್ಳುತ್ತೇನೆ, ಲೇಸು ಬಿಗಿಯುತ್ತೇನೆ, ಹಾಗೆಯೇ ಮತ್ತೆ ಹೊದ್ದು ಮಲಗಿಬಿಡುತ್ತೇನೆ. ಶೂ ಇನ್ನೂ ರಸ್ತೆಯ ಧೂಳು ಕಂಡಿಲ್ಲ, ಹೊದಿಕೆ ಮಾತ್ರ ಕಾಲಿನ ಕಡೆ ಹರಿದುಹೋಗಿದೆ. ಟೈಲರ್ ಆಗಿಯೂ ಅದನ್ನು ಹೊಲಿಯಲು ಮನಸ್ಸು ಬಂದಿಲ್ಲ. ಶೂ ಹೊರಗಿದ್ದರೆ ಬಾಗಿಲನ್ನಾದರೂ ತೆಗೆಯಲೇಬೇಕಲ್ಲ ಅಂತ ಈ ಉಪಾಯ.

ಇನ್ನೊಂದು ಮಾತು. ಬೆಳಿಗ್ಗೆ ಮೆಟ್ಟಿಲು ಗುಡಿಸುವಾಗ ಶೂ ಕಾಣದಿದ್ದರೆ ನಾನು ಓಡಲು ಹೋಗಿದ್ದೇನೆ ಅಂದುಕೊಳ್ಳಿ. ಅಲ್ಲೇ ಇದ್ದರೆ ದಯವಿಟ್ಟು ಬಾಗಿಲು ಬಡಿಯಿರಿ, ಅವಳನ್ನು ಬೈಯುತ್ತಿದ್ದ ಹಾಗೆಯೇ ಗಟ್ಟಿಯಾಗಿ ಬೈಯಿರಿ. ಅದಕ್ಕೂ ನಾನು ಓಗೊಡದಿದ್ದರೆ, ಇನ್ನೊಂದು ಕೀಲಿ ನಿಮ್ಮ ಹತ್ತಿರ ಇದೆಯಲ್ಲ, ತಡಮಾಡಬೇಡಿ.

ಇಂತಿ,
ನಿಮ್ಮ ಬೈಗುಳಕ್ಕೆ ಕಾದಿರುವ
ಮಹಡಿಯವನು