ನಿಮ್ಮಪ್ಪನ ಫೋನಿನಲ್ಲಿದ್ದ ನನ್ನ ನಂಬರು

ಪ್ರೇಮಾ,

ನೀನು ಕುಣಿಗಲ್ಲಿಗೆ ಸೊಸೆಯಾಗಿ ಹೋದ ಮೇಲೆ ನಿನಗೆ ಬರೆಯುವ ಹಕ್ಕು ನನಗಿಲ್ಲ. ಇದನ್ನು ಕಳಿಸುವುದೂ ಇಲ್ಲ. ಆದರೆ ಇವತ್ತು ನಿಮ್ಮಪ್ಪನ ಮೇಲೆ ಕೇಸು ಹಾಕಿದ ಫಾರೆಸ್ಟ್ ಗಾರ್ಡ್ ನಾನೇ. ಅದನ್ನು ಇನ್ಯಾರಿಗೆ ಹೇಳಲಿ?

ಬೆಳಿಗ್ಗೆ ಅವರೇ ಫೋನ್ ಮಾಡಿದರು. ಕಡಬದ ತೋಟದ ಬೇಲಿಯಲ್ಲಿ ಚಿರತೆಯೊಂದು ಉರುಳಿಗೆ ಸಿಕ್ಕಿಕೊಂಡಿತ್ತು.

"ಬೇಗ ಬಾರಪ್ಪ, ಅದರ ಸಂಕಟ ನೋಡಕ್ಕಾಗ್ತಿಲ್ಲ."

ಡಾಕ್ಟರು ದೂರದಿಂದ ಮದ್ದು ಹೊಡೆದು ಅದನ್ನು ಮಲಗಿಸಿದರು. ಸೊಂಟಕ್ಕೆ ಬಿಗಿದಿದ್ದ ಬೈಕಿನ ಕ್ಲಚ್ ವೈರನ್ನು ನಾನೇ ಕತ್ತರಿಸಿದೆ. ಜೀವ ಉಳಿಯಿತು. ಬೋನಿನ ಗಾಡಿ ಹೊರಟ ಮೇಲೆ ನಿಮ್ಮಪ್ಪ ನಮಗೆಲ್ಲ ಎಳನೀರು ಕೊಚ್ಚಿಕೊಟ್ಟರು. ಕುಡಿದ ಬಾಯಲ್ಲೇ ಕೇಳಬೇಕಾಯಿತು, ಉರುಳು ಹಾಕಿದ್ದು ಯಾರು ಎಂದು.

"ನಾನೇ ಕಣಪ್ಪ. ಹಂದಿ ಕಾಟ ಅಂತ ಹಾಕಿದ್ದೆ. ಇದು ಬಂದು ಬೀಳ್ತದೆ ಅಂತ ಯಾರಿಗ್ ಗೊತ್ತಿತ್ತು?"

ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ಫೋನೇ ಮಾಡದೆ ಇದ್ದಿದ್ದರೆ ಚಿರತೆ ಅಲ್ಲೇ ಸಾಯುತ್ತಿತ್ತು, ಹೂತು ಸುಮ್ಮನಾಗಬಹುದಿತ್ತು. ಉಳಿಸಲು ಕರೆದವರನ್ನೇ ನಾನು ಜೀಪಿಗೆ ಹತ್ತಿಸಿದೆ.

ಗುಬ್ಬಿಯ ನಮ್ಮ ಆಫೀಸಿಗೆ ಹೋಗುವ ದಾರಿಯಲ್ಲಿ ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ನನ್ನ ನಂಬರು ಯಾರು ಕೊಟ್ಟರು ಎಂದು ಕೇಳಿದೆ. ಕೇಳಬಾರದಿತ್ತು.

"ನಮ್ ಪ್ರೇಮ ಹಾಕ್ಕೊಟ್ಟಿದ್ಲು, ಮದುವೆ ಹಿಂದಿನ ದಿನ. ಏನೇ ಆದ್ರೂ ಇವ್ನಿಗೆ ಫೋನ್ ಮಾಡಪ್ಪ, ಬಂದೇ ಬರ್ತಾನೆ ಅಂದಿದ್ಲು."



ಕರೆದ ಕೂಡಲೇ ಹೋಗಿದ್ದೆ, ಪ್ರೇಮಾ.