ಗೋಡೆಯ ಬದಿಯ ಕಂಬಿ

ಮಾರ್ಚ್ ೯, ಸೋಮವಾರ

ಪ್ರೀತಿಯ ಗುಬ್ಬಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಕಾಗದ ಬಂದು ಎರಡು ವಾರವಾಯಿತು. ಕಣ್ಣು ಮಂಜು, ಕೆಲಸ ಹೆಚ್ಚು ಎನ್ನಬಹುದಿತ್ತು. ನೆಪ ಹೇಳುವವರನ್ನು ಕಂಡರೆ ನನಗಾಗದೆಂದು ನಿನಗೇ ಗೊತ್ತು. ಬರೆಯಲು ಕೂತರೆ ಕೈ ಓಡಲಿಲ್ಲ, ಅಷ್ಟೆ.

ಜನ ಬಂದು ನೋಡಲೆಂದು ನಗರಸಭೆಗೆ ಬಿಟ್ಟುಕೊಟ್ಟ ನಮ್ಮ ಮನೆಯನ್ನು ನೀನೀಗ ಗುರುತೇ ಹಿಡಿಯಲಾರೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನಿನ್ನ ಅಪ್ಪನ ಮುತ್ತಜ್ಜ ಕಟ್ಟಿಸಿದಾಗ ಹೇಗಿತ್ತೋ ಹಾಗೆ ಮಾಡಿದ್ದಾರೆ. ಬಾಗಿಲ ಮೇಲಿನ ಕೆಂಪು ಗಾಜು ಮತ್ತೆ ಬಂದಿದೆ. ಬಾಡಿಗೆಗಿದ್ದ ದರ್ಜಿ ಹಾಕಿಸಿದ್ದ ತಗಡಿನ ಚಾವಣಿ ಹೋಯಿತು. ನಾನು ದಿನವೂ ಹೋಗಿ ನಿಲ್ಲುತ್ತೇನೆ. ಇಂಜಿನಿಯರ್ ಹುಡುಗ, "ಅಮ್ಮಾ, ನೀವು ಹೀಗೆ ನಿಂತ್ರೆ ಜನ ಮನೆ ಬಿಟ್ಟು ನಿಮ್ಮ ಫೋಟೋ ತೆಗೀತಾರೆ" ಅಂದ. "ಬಾಯಿ ಮುಚ್ಚಿಕೊಂಡು ಸುಣ್ಣ ಕೆರೆಸಪ್ಪ" ಅಂದೆ.

ಬರುವ ಭಾನುವಾರ ಮನೆ ತೆರೆಯುವಾಗ ಮಹಡಿಯ ಹಜಾರದಲ್ಲಿ ನಿನ್ನ ಅಪ್ಪನ ಭಾವಚಿತ್ರದ ಪರದೆ ನೀನೇ ಸರಿಸಬೇಕೆಂದು ಎಲ್ಲರ ಆಸೆ. "ಮೆಟ್ಟಿಲಿನ ಚಿಂತೆ ಬಿಡಮ್ಮ, ಒಂದು ಕಡೆ ಕಟಕಟೆ, ಗೋಡೆ ಕಡೆ ಅಪ್ಪನ ಮರದ ಕಂಬಿ ಇದೆಯಲ್ಲ, ಎರಡೂ ಕಡೆ ಹಿಡ್ಕೊಂಡು ಹತ್ತಿಬಿಡ್ತೀನಿ" ಎಂದು ಬರೆದಿದ್ದೀಯ.

ಆ ಕಂಬಿ ಈಗ ಇಲ್ಲ, ಗುಬ್ಬಿ. ಹೋದ ತಿಂಗಳು ಬಡಗಿ ಕಿತ್ತ. ಹಳೆಯ ಮನೆ ಹಳೆಯದರಂತೆಯೇ ಇರಬೇಕಂತೆ, ನಿಯಮವಂತೆ. ನಿನ್ನ ಎಡಗಾಲು ಸೋತ ವರ್ಷ ನಿನ್ನ ಅಪ್ಪ ರಜೆ ಹಾಕಿ, ಮರ ತಂದು ತಾವೇ ಉಜ್ಜಿ ನಯ ಮಾಡಿ, ಗೋಡೆಗೆ ಬಡಿದದ್ದು. ನೀನು ಬೆಳೆದ ಹಾಗೆಲ್ಲ ಕಿತ್ತು ಮೇಲಕ್ಕೆ ಬಡಿಯುತ್ತಿದ್ದರು. ಆ ತೂತುಗಳಿಗೆಲ್ಲ ಗಾರೆ ತುಂಬಿದ್ದಾರೆ. ಕೈಯಾಡಿಸಿದರೂ ತಿಳಿಯದು.

ಅಳಿಯಂದಿರಿಗೆ ಹೇಳು, ಕೆಮ್ಮಿಗೆ ಔಷಧಿ ನಿಲ್ಲಿಸಬಾರದು. ನೂರು ಕಾಲ ಸುಖವಾಗಿರು ಮಗಳೇ.

ನಿನ್ನ
ಅಮ್ಮ

ತಾ.ಕ.: ನಿಯಮವೆಂದು ಬರೆದೆನಲ್ಲ, ಅದು ಸುಳ್ಳು. ಮನೆಯವರು ಸೇರಿಸಿದ್ದನ್ನು ಉಳಿಸುತ್ತಾರೆ, ಬಾಡಿಗೆಯವರು ಸೇರಿಸಿದ್ದನ್ನು ಮಾತ್ರ ತೆಗೆಯುತ್ತಾರೆ. ನಗರಸಭೆಯ ಸಮಿತಿಯವರೆಲ್ಲ ಇದ್ದಾಗ ಇಂಜಿನಿಯರ್ ಕೇಳಿದ: "ಅಮ್ಮಾ, ಈ ಕಂಬಿ ನಿಮ್ಮವರದಾ? ಯಾಕೆ ಹಾಕಿದ್ದು ಹೇಳಿ, ಪಕ್ಕದಲ್ಲೇ ಒಂದು ಫಲಕ ಹಾಕಿಸ್ತೀನಿ." ಬಂದುಹೋಗುವವರೆಲ್ಲ ನಿಂತು ನಿನ್ನ ಕಾಲಿನ ಸುದ್ದಿ ಓದುತ್ತಾರಲ್ಲ ಎಂದು ನನ್ನ ಮೈ ಹಿಡಿಯಾಯಿತು. "ಯಾರೋ ಬಾಡಿಗೆಯವರದ್ದು" ಅಂದುಬಿಟ್ಟೆ. ಆ ಕಾಲಿನ ಬಗ್ಗೆ ನೀನು ಒಂದು ದಿನವೂ ನಾಚಿದವಳಲ್ಲ. ನಾಚಿದವಳು ನಾನು. ನಾಲ್ಕು ಜನರ ಮುಂದೆ ನಿನ್ನ ಅಪ್ಪನನ್ನು ಅವರ ಮನೆಯಲ್ಲೇ ಬಾಡಿಗೆಯವರನ್ನಾಗಿ ಮಾಡಿದೆ. ನಾಳೆ ಹೋಗಿ ಅದೇ ನಾಲ್ಕು ಜನರಿಗೆ ನಿಜ ಹೇಳುತ್ತೇನೆ. ಭಾನುವಾರದೊಳಗೆ ಕಂಬಿ ಬರುವುದಿಲ್ಲ. ಬರಬೇಡ ಎನ್ನಲು ಮನಸ್ಸಿಲ್ಲ, ಬಾ ಎನ್ನಲು ಮುಖವಿಲ್ಲ.