ಗಂಗಕ್ಕನ ಸೊಲ್ಲು

ಹಿರಿಯೂರು, 14-2-1976, ಶನಿವಾರ

ಇವತ್ತು ಆದಿವಾಲದಲ್ಲಿ ನಾನು ಹಾಗೆ ಹೇಳಬಾರದಿತ್ತು.

ಕುರಿ ಕಾಯುವವರ ಮನೆಯ ಕೆಂಚಕ್ಕ ತನ್ನ ಕುಲದ ಹಿರಿಯರ ಕಥೆ ಹಾಡುತ್ತಾಳೆ. ಅದನ್ನು ಟೇಪಿಗೆ ತುಂಬಿಕೊಳ್ಳಲು ಹೋಗಿದ್ದೆ. ಅವರಲ್ಲಿ ಈ ಹಾಡನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬರು ಒಂದು ಸೊಲ್ಲು ಹೇಳಿದರೆ ಇನ್ನೊಬ್ಬರು ಅದನ್ನು ಎತ್ತಿಕೊಂಡು ಹಾಡಬೇಕು. ಎತ್ತಿಕೊಳ್ಳುತ್ತಿದ್ದ ಗಂಗಕ್ಕ ಸಂಕ್ರಾಂತಿ ಕಳೆದ ಮೇಲೆ ತೀರಿಕೊಂಡಳಂತೆ. ನನಗೆ ಯಾರು ಸುದ್ದಿ ಕಳಿಸುತ್ತಾರೆ?

"ನೀನಾರ ಎತ್ಕಳವ್ವ. ಒಬ್ಳೇ ಹಾಡಿದ್ರೆ ಗ್ವಾಡೆಗೆ ಹೇಳ್ದಂಗೆ ಆಗ್ತೈತೆ" ಅಂದಳು ಕೆಂಚಕ್ಕ.

"ಟೇಪಿನಲ್ಲಿ ನನ್ನ ದನಿ ಬರಬಾರದು, ಕೆಂಚಕ್ಕ" ಅಂದುಬಿಟ್ಟೆ. ನನ್ನನ್ನು ಕಳಿಸಿದ ಮೈಸೂರಿನ ಕಚೇರಿಯ ಹಾಳು ನಿಯಮ.

ಅವಳು ಮತ್ತೆ ಕೇಳಲಿಲ್ಲ. ಹಾಡಿದಳು. ಪ್ರತಿ ಸೊಲ್ಲು ಮುಗಿದಾಗಲೂ ಪಕ್ಕದ ಖಾಲಿ ಚಾಪೆಯ ಕಡೆ ತಿರುಗಿ, ಗಂಗಕ್ಕ ಹಾಡಿ ಮುಗಿಸುವಷ್ಟು ಹೊತ್ತು ಕಾದು, ಆಮೇಲೆ ಮುಂದಿನದನ್ನು ಹಿಡಿದಳು. ನಾನು ತಲೆ ತಗ್ಗಿಸಿ ಟೇಪಿನ ಚಕ್ರ ತಿರುಗುವುದನ್ನೇ ನೋಡುತ್ತ ಕುಳಿತಿದ್ದೆ. ಈ ಬಿಡುವುಗಳನ್ನೆಲ್ಲ ಕತ್ತರಿಸಿ ಅನ್ನುತ್ತಾರೆ ಮೈಸೂರಿನ ಸಾಹೇಬರು. ಅನ್ನಲಿ, ನಾನು ಕತ್ತರಿಸುವುದಿಲ್ಲ.

ರೂಮಿಗೆ ಬಂದು ಊಟಕ್ಕೂ ಹೋಗದೆ ಟೇಪು ಹಾಕಿದೆ. ಮೊದಲ ಸೊಲ್ಲು ಮುಗಿಯಿತು. ಬಾಗಿಲು ಹಾಕಿತ್ತು, ಕೇಳುವವರು ಯಾರೂ ಇರಲಿಲ್ಲ. ನಾನೇ ಎತ್ತಿಕೊಂಡೆ. ಬೆಳಗಿನ ಆ ಮಾತಿನ ನಂತರ ಯಾರೊಡನೆಯೂ ಬಾಯಿ ಬಿಟ್ಟಿರಲಿಲ್ಲವೇನೋ, ದನಿ ತಕ್ಷಣ ಏಳಲಿಲ್ಲ. ನಾನಿನ್ನೂ ಅರ್ಧದಲ್ಲಿದ್ದೆ, ಕೆಂಚಕ್ಕ ಮುಂದಿನ ಸೊಲ್ಲಿಗೆ ಹೋಗಿಬಿಟ್ಟಳು.